ಪಟ್ಟಿಯಲ್ಲಿಲ್ಲದ ಕಾರಣ

"ಒಂಬತ್ತರಲ್ಲಿ ಒಂದು ಹೇಳಿ ಅಮ್ಮಾ. ಒಂದೇ ಒಂದು," ಎಂದು ನಾಲ್ಕನೇ ಕೌಂಟರಿನ ಗುಮಾಸ್ತ ಫಾರಮ್ಮನ್ನು ಗಾಜಿನ ಕೆಳಗಿನ ಸಂದಿನಿಂದ ಮತ್ತೆ ಅವಳತ್ತ ತಳ್ಳಿದ.

ಅವಳು ಅದನ್ನು ಆಗಲೇ ಮೂರು ಸಲ ಓದಿದ್ದಳು. ಕಡ್ಡಾಯವಾಗಿದ್ದ ಮತವನ್ನು ಹಾಕದಿರಲು ಸರ್ಕಾರ ಒಪ್ಪುವ ಕಾರಣಗಳು: ಕಾಯಿಲೆ, ಹೆರಿಗೆ, ಹತ್ತಿರದವರ ಸಾವು, ಪರಸ್ಥಳ ಪ್ರಯಾಣ, ಪ್ರವಾಹ ಅಥವಾ ಬೆಂಕಿ, ಚುನಾವಣಾ ಕರ್ತವ್ಯ, ಹೀಗೆ ಒಂಬತ್ತು. ಪ್ರತಿಯೊಂದರ ಎದುರಿಗೂ ಒಂದು ಪುಟ್ಟ ಚೌಕ.

"ನಂದು ಇದರಲ್ಲಿಲ್ಲ," ಎಂದಳು.

"ಇಲ್ಲದಿದ್ರೆ ಹತ್ತಿರದ್ದು ಯಾವುದು ಅಂತ ನೋಡಿ."

"ಹತ್ತಿರದ್ದೂ ಇಲ್ಲ. ನಾನು ಅವತ್ತು ಸತ್ತಿರಲಿಲ್ಲ, ಹೆತ್ತಿರಲಿಲ್ಲ, ಮಲಗಿರಲಿಲ್ಲ. ಕೆಲಸ ಮಾಡ್ತಿದ್ದೆ."

ಗುಮಾಸ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಐವತ್ತು ದಾಟಿದ, ಬೆಳಗಿನಿಂದ ನೂರು ಜನರನ್ನು ನೋಡಿ ಸುಸ್ತಾದ ಮುಖ. ಅವಳ ಹಿಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಅವಳ ಚೀಲದಲ್ಲಿ, ನಾಲ್ಕಾಗಿ ಮಡಿಸಿದ ವೈದ್ಯರ ಸರ್ಟಿಫಿಕೇಟು ಇತ್ತು. ಅದನ್ನು ತೆಗೆದುಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು.

ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಒಂಬತ್ತು ವರ್ಷದಿಂದ ಗುತ್ತಿಗೆ ಕೆಲಸದಾಕೆ. ಬಿಸಿ ರೋಲರಿನಡಿ ಹಾಸಿಗೆ ಬಟ್ಟೆಗಳನ್ನು ಒಂದರ ಹಿಂದೊಂದು ತೂರಿಸಿ ಇಸ್ತ್ರಿ ಮಾಡುವುದು ಅವಳ ಪಾಲಿನ ಕೆಲಸ. ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಜತೆಯ ಹೆಂಗಸರು ಅವಳಿಗೆ ಸಿಡುಕಿ ಎಂದು ಹೆಸರಿಟ್ಟಿದ್ದರು. ಅವಳೂ ಅದಕ್ಕೆ ಓಗೊಡುತ್ತಿದ್ದಳು. ಈ ವರ್ಷ ಖಾಯಂ ಆಗುವವರ ಪಟ್ಟಿ ಹೊರಡುವುದಿತ್ತು, ಅದರಲ್ಲಿ ಅವಳದು ಮೂರನೇ ಹೆಸರು.

ಮತದಾನದ ದಿನ ಅವಳದು ಬೆಳಗಿನ ಪಾಳಿ. ಆರಕ್ಕೆ ಬಂದರೆ ಎರಡಕ್ಕೆ ಬಿಡುಗಡೆ. ಮತಗಟ್ಟೆ ಸಂಜೆ ಆರರವರೆಗೆ ತೆರೆದಿರುತ್ತದೆ, ಯಥೇಚ್ಛ ಸಮಯವಿದೆ ಎಂದುಕೊಂಡಿದ್ದಳು. ಆ ಸಲ ಮತ ಹಾಕುವ ಆಸೆಯೂ ಇತ್ತು. ಅವಳ ಗಲ್ಲಿಯಿಂದ ಬೆಳಗ್ಗೆ ಐದೂವರೆಗೆ ಹೊರಡುತ್ತಿದ್ದ ಬಸ್ಸನ್ನು ಎರಡು ವರ್ಷದ ಹಿಂದೆ ನಿಲ್ಲಿಸಿದ್ದರು. ಅಂದಿನಿಂದ ಅವಳು ಕತ್ತಲಲ್ಲಿ ಮುಕ್ಕಾಲು ಗಂಟೆ ನಡೆದೇ ಕೆಲಸಕ್ಕೆ ಬರುತ್ತಿದ್ದಳು. ಒಮ್ಮೆ ವಾರ್ಡಿನ ನಗರಸಭಾ ಸದಸ್ಯ ಕಾರಿಳಿಯುವಾಗ ಅಡ್ಡ ನಿಂತು ಬಸ್ಸಿನ ಬಗ್ಗೆ ಕೇಳಿದ್ದಳು. ಆತ ನಕ್ಕು, "ನಡೆದರೆ ಆರೋಗ್ಯಕ್ಕೆ ಒಳ್ಳೇದಲ್ವೇನಮ್ಮಾ?" ಎಂದಿದ್ದ. ಸುತ್ತ ಇದ್ದವರೂ ನಕ್ಕಿದ್ದರು. ಆ ನಗುವಿಗೆ ಅವಳು ಎರಡು ವರ್ಷ ಉತ್ತರ ಇಟ್ಟುಕೊಂಡು ಕಾದಿದ್ದಳು.

ಆದರೆ ಹಿಂದಿನ ದಿನವೇ ಒಗೆಯುವ ದೊಡ್ಡ ಯಂತ್ರ ಕೆಟ್ಟು ನಿಂತಿತ್ತು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳು ಗೋಡೆಯೆತ್ತರ ಬಿದ್ದಿದ್ದವು. ಎರಡರ ಪಾಳಿಗೆ ಬರಬೇಕಾದವರಲ್ಲಿ ಅರ್ಧದಷ್ಟು ಜನ ಬರಲೇ ಇಲ್ಲ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು, "ರಾಶಿ ಕರಗೋವರೆಗೂ ಯಾರೂ ಕದಲೋ ಹಾಗಿಲ್ಲ," ಎಂದ. ಅವನು ಗೇಟ್ ಪಾಸಿಗೆ ಸಹಿ ಹಾಕದೆ ಕಾವಲಿನವನು ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ.

ಅವಳು ಎರಡೂವರೆಗೆ ಕೇಳಿದಳು. "ನೋಡೋಣ," ಎಂದ. ನಾಲ್ಕಕ್ಕೆ ಕೇಳಿದಳು. "ರೋಗಿಗಳನ್ನ ಬರಿ ಮಂಚದ ಮೇಲೆ ಮಲಗಿಸಲಾ?" ಎಂದ. ಐದಕ್ಕೆ ಕೇಳಿದಾಗ ಅವನು ಗದರಿಸುತ್ತ ಕೈ ಬೀಸಿದ, ಆ ಕೈಯ ತೋರುಬೆರಳಿನ ಮೇಲೆ ಶಾಯಿ ಇನ್ನೂ ಹೊಸದಾಗಿ ಮಿನುಗುತ್ತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ಹೋಗಿ ರೋಲರಿನ ಮುಂದೆ ನಿಂತಳು. ಬಿಡುಗಡೆಯಾಗಿ ಮತಗಟ್ಟೆಯವರೆಗೆ ಓಡಿಹೋದಾಗ ಆರೂ ಇಪ್ಪತ್ತು. ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಯಾರೋ ಮೇಜು ಎಳೆಯುವ ಸದ್ದು ಕೇಳುತ್ತಿತ್ತು.

ಆ ಸದಸ್ಯನೇ ನಾಲ್ಕು ಸಾವಿರ ಮತಗಳಿಂದ ಮತ್ತೆ ಗೆದ್ದ. ಮೂರು ವಾರದ ನಂತರ ಅವಳಿಗೆ ನೋಟಿಸು ಬಂತು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅವಳು ಮತ್ತು ಮಾವ, ಇಬ್ಬರೇ. ಮಾವ ನಿವೃತ್ತ ಬಸ್ ಡ್ರೈವರು, ನಿಂತುಹೋದ ಆ ಐದೂವರೆಯ ಬಸ್ಸನ್ನೇ ಹದಿನೆಂಟು ವರ್ಷ ಓಡಿಸಿದವರು. ಕಡ್ಡಾಯ ಮತದಾನವೆಂದರೆ ಅವರಿಗೆ ಪ್ರಾಣ. ಪ್ರತಿ ಸಲವೂ ಕ್ಷೌರ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುತ್ತಿದ್ದರು.

"ಈ ಕಾನೂನು ಬರೋಕೆ ಮುಂಚೆ ನಮ್ಮ ಗಲ್ಲಿಗೆ ಒಂದು ನಾಯಿನೂ ಬರ್ತಿರ್ಲಿಲ್ಲ ಕಣಮ್ಮ," ಎಂದರು ನೋಟಿಸನ್ನು ದೂರ ಹಿಡಿದು ಓದುತ್ತ. "ಇಲ್ಲಿನವರು ಹೇಗೂ ಓಟು ಹಾಕಲ್ಲ, ಇವರನ್ನ ಮಾತಾಡಿಸಿ ಏನಾಗಬೇಕು ಅಂತಿದ್ರು. ಎಲ್ರೂ ಹಾಕ್ಲೇಬೇಕು ಅಂತ ಆದ್ಮೇಲೆ ತಾನೇ ನಲ್ಲಿ ಬಂದಿದ್ದು, ದೀಪ ಬಂದಿದ್ದು? ಬಡವರಿಗೆ ಇರೋದು ಇದೊಂದೇ. ಅದನ್ನೂ ನಮ್ಮಿಷ್ಟ ಅಂತ ಬಿಟ್ರೆ ನಮ್ಮಂಥವರು ಮನೇಲೇ ಕೂತ್ಬಿಡ್ತೀವಿ."

"ಬಸ್ಸು ಹೋಯ್ತಲ್ಲ, ಅದೂ ಕಾನೂನು ಬಂದ್ಮೇಲೇ ಹೋಗಿದ್ದು."

"ಅದು ಬೇರೆ ವಿಷಯ."

"ಬೇರೆ ಅಲ್ಲ ಮಾವ. ಇದರ ಹಿಂದುಗಡೆ ಓದಿ. ನಾನು ಓದಿದೀನಿ." ಅವಳು ಅವರ ಕೈಯಿಂದ ನೋಟಿಸು ಕಿತ್ತುಕೊಂಡು ಬೆರಳಿಟ್ಟು ತೋರಿಸಿದಳು. "'ಪ್ರತಿಯೊಬ್ಬ ಮತದಾರನೂ ಮತ ಚಲಾಯಿಸತಕ್ಕದ್ದು.' ಇದು ನನಗೆ. 'ಮಾಲೀಕರು ಕೆಲಸದ ಅನುಕೂಲ ನೋಡಿಕೊಂಡು ಬಿಡುವು ನೀಡಬಹುದು.' ಇದು ಅವರಿಗೆ. ನನಗೆ ತಕ್ಕದ್ದು, ಅವರಿಗೆ ಬಹುದು! ಅವರಿಗೂ ತಕ್ಕದ್ದು ಅಂತ ಬರೆಯೋಕೆ ಶಾಯಿ ಮುಗಿದುಹೋಗಿತ್ತಾ?"

ಮಾವ ನೋಟಿಸಿನ ಅಡಿಗೆ ಬೆರಳಿಟ್ಟು, "ಕೆಳಗೆ ಇನ್ನೊಂದು ಬರೆದಿದಾರೆ ನೋಡು," ಎಂದರು ಮೆಲ್ಲಗೆ. ಸಕಾರಣ ತೋರಿಸದವರು ಐದು ವರ್ಷ ಯಾವುದೇ ಸರ್ಕಾರಿ ನೇಮಕಾತಿಗೆ ಅನರ್ಹರು ಎಂದಿತ್ತು.

ಅಂದು ಬೆಳಗಿನ ಪಾಳಿಯಲ್ಲಿದ್ದ ಹನ್ನೊಂದು ಹೆಂಗಸರಿಗೂ ನೋಟಿಸು ಬಂದಿತ್ತು. ಸೂಪರ್‌ವೈಸರ್ ಅವರನ್ನೆಲ್ಲ ಒಟ್ಟಿಗೆ ಕರೆದು, ಯಾವ ಮುಜುಗರವೂ ಇಲ್ಲದೆ ಸರ್ಟಿಫಿಕೇಟುಗಳನ್ನು ಹಂಚಿದ. ಆಸ್ಪತ್ರೆಯಲ್ಲಿ ಡಾಕ್ಟರಿಗೇನು ಬರವೇ? ಹನ್ನೊಂದರಲ್ಲೂ ಒಂದೇ ಕೈಬರಹ, ಒಂದೇ ರೋಗ: ವಾಂತಿ ಭೇದಿ.

"ಹನ್ನೊಂದು ಜನಕ್ಕೂ ಒಂದೇ ದಿನ ಶುರುವಾಗಿತ್ತಂತೆ, ಪಾಯಿಖಾನೆ ಮಾತ್ರ ಎರಡೇ ಇತ್ತು," ಎಂದಳು ಎತ್ತರದಿಂದಾಗಿ ಉದ್ದಕ್ಕ ಎಂದೇ ಹೆಸರಾದ ಪಕ್ಕದ ರೋಲರಿನವಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆರಡಿಯ ಉದ್ದಕ್ಕ ಈ ಕೆಲಸಕ್ಕೆ ಸೇರಿದಂದಿನಿಂದ ಅವಳ ಗೆಳತಿ, ಖಾಯಂ ಪಟ್ಟಿಯಲ್ಲಿ ನಾಲ್ಕನೆಯವಳು. ಸಿಡುಕಿ ನಗಲಿಲ್ಲ.

"ಅವನು ನಮ್ಮನ್ನ ಕೂಡಿಹಾಕಿದ. ಈಗ ನಾವೇ ಭೇದಿ ಆಗಿತ್ತು ಅಂತ ಬರೆದುಕೊಡಬೇಕಾ?"

"ಬರೆದುಕೊಟ್ಟು ಬಿಸಾಕೇ. ಭೇದಿ ಅಂದ್ರೆ ಮಾನ ಹೋಗುತ್ತಾ?"

"ಹೋಗುತ್ತೆ," ಎಂದಳು ಅವಳು. ಹಾಗಂದರೂ ಸರ್ಟಿಫಿಕೇಟನ್ನು ಮಡಿಸಿ ಚೀಲದಲ್ಲಿ ಹಾಕಿಕೊಂಡಿದ್ದಳು.

ಈಗ ಗುಮಾಸ್ತ ಕನ್ನಡಕ ಮತ್ತೆ ಏರಿಸಿಕೊಂಡು ಕೇಳಿದ: "ಎಲ್ಲಿ ಕೆಲಸ?"

ಹೇಳಿದಳು. ಅವನು ಪಕ್ಕದ ಕಟ್ಟಿನಿಂದ ಒಂದಿಷ್ಟು ಹಾಳೆ ಸರಿಸಿ ನೋಡಿದ. "ನಿಮ್ಮಲ್ಲಿಂದ ಹತ್ತು ಜನ ನಿನ್ನೆಯೇ ಬಂದು ಕಾಯಿಲೆ ಅಂತ ಕೊಟ್ಟು ಹೋಗಿದಾರಲ್ಲ. ನಿಮ್ಮ ಹತ್ರ ಸರ್ಟಿಫಿಕೇಟ್ ಇಲ್ವಾ?"

"ಇದೆ. ಸುಳ್ಳು ಸರ್ಟಿಫಿಕೇಟ್."

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಹಾಗೆಲ್ಲ ಜೋರಾಗಿ ಹೇಳಬೇಡಿ. ನೋಡಿ, ಅವತ್ತು ನನ್ನನ್ನ ಬೇರೆ ಕಡೆ ಚುನಾವಣಾ ಡ್ಯೂಟಿಗೆ ಹಾಕಿದ್ರು. ನಾನೂ ಓಟು ಹಾಕಿಲ್ಲ. ಆರನೇ ನಂಬರಿಗೆ ಗುರುತು ಹಾಕಿ ಕೊಟ್ಟೆ, ಆಯ್ತು."

"ನಿಮ್ಮದು ಪಟ್ಟೀಲಿದೆ. ನಂದು ಇಲ್ಲ. ಸೂಪರ್‌ವೈಸರು ಬಿಡಲಿಲ್ಲ ಅಂತ ಬರ್ಕೊಳ್ಳಿ."

"ಬರೆದರೆ ಆಸ್ಪತ್ರೆಗೆ ನೋಟಿಸು ಹೋಗುತ್ತೆ. ನಿಮ್ಮನ್ನ ಸಾಕ್ಷಿ ಕೇಳ್ತಾರೆ. ಆ ಹತ್ತು ಸರ್ಟಿಫಿಕೇಟೂ ವಿಚಾರಣೆಗೆ ಬರುತ್ತೆ. ನಿಮ್ಮ ಜತೆಯವರ ಗತಿ ಯೋಚನೆ ಮಾಡಿದೀರಾ?"

ಅವಳು ಅದನ್ನು ಯೋಚಿಸಿರಲಿಲ್ಲ. ಉದ್ದಕ್ಕ ಕಣ್ಣ ಮುಂದೆ ಬಂದಳು. ಉದ್ದಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಳು. ತಾಯಿ ಖಾಯಂ ಆಗುವುದೊಂದನ್ನೇ ನೆಚ್ಚಿಕೊಂಡು ಸೇರಿಸಿದ್ದು. ಕೌಂಟರಿನ ಕಟ್ಟೆಯ ಮೇಲಿಟ್ಟಿದ್ದ ಅವಳ ಕೈ ತಾನಾಗಿ ಚೀಲದೊಳಗೆ ಹೋಯಿತು. ಮಡಿಸಿದ ಕಾಗದ ಬೆರಳಿಗೆ ಸಿಕ್ಕಿತು.

ಗುಮಾಸ್ತನಿಗೆ ಸಮಾಧಾನವಾಯಿತು. ಪೆನ್ನನ್ನು ಮೊದಲ ಚೌಕದ ಮೇಲೆ ಹಿಡಿದು, "ಕಾಯಿಲೆ ಅಂತ ಹಾಕ್ಲಾ? ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ. ಒಂದು ಓಟು ತಾನೇ?" ಎಂದ.

ಅವಳ ಕೈ ಚೀಲದಿಂದ ಬರಿದೇ ಹೊರಬಂತು.

"ಒಂದು ಓಟು ತಾನೇ ಅಂದ್ರೆ ನನ್ನನ್ನ ಇಲ್ಲಿಗೆ ಯಾಕ್ರೀ ಕರೆಸಿದ್ರಿ?" ದನಿ ಮೇಲೇರಿತ್ತು. ಮೂರನೇ ಕೌಂಟರಿನಲ್ಲಿದ್ದವರೂ ತಿರುಗಿ ನೋಡಿದರು. "ನಾನು ಹಾಕದೇ ಇದ್ರೆ ದೇಶ ಮುಳುಗುತ್ತೆ ಅಂತ ನೋಟಿಸು ಕಳಿಸ್ತೀರಿ. ಅರ್ಧ ದಿನದ ಕೆಲಸ ಬಿಡಿಸಿ ಸಾಲಲ್ಲಿ ನಿಲ್ಲಿಸ್ತೀರಿ. ಯಾಕೆ ಹಾಕಲಿಲ್ಲ ಅಂತ ಕೇಳ್ತೀರಿ. ಹೇಳಿದ್ರೆ, ಒಂದು ಓಟು ತಾನೇ! ಅಷ್ಟು ಹಗುರ ಆಗಿದ್ರೆ ಬಿಟ್ಟುಬಿಡಿ ನನ್ನ. ಹಗುರ ಅಲ್ಲ ಅಂದ್ರೆ, ನಾನು ಹೇಳಿದ್ದನ್ನ ಬರ್ಕೊಳ್ಳಿ!"

"ಜಾಗ ಇಲ್ಲಮ್ಮ ಇದರಲ್ಲಿ," ಎಂದ ಅವನು. ಕೊನೆಯಲ್ಲಿ 'ಇತರೆ' ಎಂದು ಅರ್ಧ ಸಾಲು ಖಾಲಿ ಬಿಟ್ಟಿದ್ದರು, ಅಷ್ಟೇ.

ಅವಳು ಫಾರಮ್ಮನ್ನು ತನ್ನತ್ತ ಎಳೆದುಕೊಂಡು ಮಗುಚಿ ಹಾಕಿದಳು. ದಾರ ಕಟ್ಟಿದ ಪೆನ್ನನ್ನು ಜಗ್ಗಿ, ಖಾಲಿ ಬೆನ್ನಿನ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಳು. ಪಾಳಿ ಎಷ್ಟಕ್ಕೆ ಮುಗಿಯಬೇಕಿತ್ತು, ಎಷ್ಟೆಷ್ಟು ಹೊತ್ತಿಗೆ ಪಾಸು ಕೇಳಿದೆ, ಪ್ರತಿ ಸಲ ಸೂಪರ್‌ವೈಸರ್ ಏನೆಂದ, ಬೀಗ ಎಷ್ಟಕ್ಕೆ ಕಂಡೆ. ಬೇರೆ ಯಾರ ಸುದ್ದಿಯನ್ನೂ ಬರೆಯಲಿಲ್ಲ. ಕೆಳಗೆ ಸಹಿ ಹಾಕುವಾಗ ದಾರ ಕಿತ್ತುಬಂತು. ಗುಮಾಸ್ತ ಅದನ್ನು ಪೂರ್ತಿ ಓದಿ ಮೊಹರು ಒತ್ತಿದ. ಸಾಲಿನಲ್ಲಿ ಅವಳ ಹಿಂದಿದ್ದ, ಸಮವಸ್ತ್ರ ತೊಟ್ಟ ಕಾವಲುಗಾರ ಅವಳಿಗೆ ದಾರಿ ಬಿಡುತ್ತ, "ಹಿಂದುಗಡೆ ಬರೆದ್ರೂ ನಡೆಯುತ್ತಾ ಸಾರ್?" ಎಂದು ಕೇಳಿದ್ದು ಅವಳ ಕಿವಿಗೆ ಬಿತ್ತು. ತಿರುಗಿ ನೋಡಲಿಲ್ಲ.

ಹತ್ತು ದಿನದಲ್ಲಿ ಆಸ್ಪತ್ರೆಗೆ ನೋಟಿಸು ಹೋಯಿತು. ಸೂಪರ್‌ವೈಸರ್ ಅವಳನ್ನು ಬೈಯಲಿಲ್ಲ. ಮುಖವನ್ನೂ ನೋಡದೆ, "ನಾಳೆಯಿಂದ ವಿಂಗಡಣೆ ಕೋಣೆ," ಎಂದ. ವಾರ್ಡುಗಳಿಂದ ಬರುವ ರಕ್ತ, ಕೀವು, ಮಲ ಮೆತ್ತಿದ ಬಟ್ಟೆಗಳನ್ನು ಬಿಡಿಸಿ ಬೇರ್ಪಡಿಸುವ ಜಾಗ ಅದು. ಅಲ್ಲಿಗೆ ಹೊಸಬರನ್ನು ಮಾತ್ರ ಹಾಕುತ್ತಿದ್ದರು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಉದ್ದಕ್ಕನ ಮಾತು. ಊಟದ ಹೊತ್ತಿನಲ್ಲಿ ಎಲ್ಲರೆದುರು ಎದ್ದು ನಿಂತು ಕೇಳಿದ್ದಳು: "ನೀನೊಬ್ಬಳೇ ಸತ್ಯವಂತೆ, ನಾವೆಲ್ಲ ಕಳ್ಳಿಯರಾ? ನಿನಗೇನು, ಹಿಂದಿಲ್ಲ ಮುಂದಿಲ್ಲ. ನನ್ನ ಮಗಳ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ!"

"ಕಲ್ಲು ಹಾಕಿದ್ದು ನಾನಾ? ಪಾಸು ಕೊಡದೆ ಇದ್ದೋನು ಯಾರು?"

"ಅವನ ಮೇಲೆ ಸಿಟ್ಟು ಮಾಡೋ ಶಕ್ತಿ ನನಗಿಲ್ಲ. ನಿನ್ನ ಮೇಲಿದೆ," ಎಂದು ಉದ್ದಕ್ಕ ಡಬ್ಬಿ ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋಗಿದ್ದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಹೋದರು.

ಮನೆಯಲ್ಲಿ ಮಾವ ಎಲ್ಲ ಕೇಳಿಸಿಕೊಂಡರು. "ತಕ್ಕದ್ದು ಅಂತ ಇರಬೇಕಿತ್ತು ಅವರಿಗೂ," ಎಂದರು. "ಆದ್ರೂ ನೀನು ಆ ಸರ್ಟಿಫಿಕೇಟ್ ಕೊಟ್ಟುಬಿಡಬಹುದಿತ್ತು." ಅವಳು ತಟ್ಟೆಯನ್ನು ದಡಕ್ಕೆಂದು ಇಟ್ಟು ಎದ್ದಳು.

ವಿಂಗಡಣೆ ಕೋಣೆಯಲ್ಲಿ ಎರಡು ವಾರ ಒಬ್ಬಳೇ ಕೆಲಸ ಮಾಡಿದಳು. ಚುನಾವಣಾ ಕಚೇರಿಯಿಂದ ಇನ್ನೂ ಆದೇಶ ಬಂದಿರಲಿಲ್ಲ, ಖಾಯಂ ಪಟ್ಟಿಯನ್ನೂ ತಡೆಹಿಡಿದಿದ್ದರು. ಒಂದು ಸೋಮವಾರ ಬೆಳಗ್ಗೆ ಬಾಗಿಲು ತಳ್ಳಿಕೊಂಡು ಉದ್ದಕ್ಕ ಒಳಗೆ ಬಂದಳು. ಗೋಡೆಯ ಮೊಳೆಯಿಂದ ರಬ್ಬರಿನ ಮೇಲಂಗಿ ತೆಗೆದು ತೊಡತೊಡಗಿದಳು. ಅವಳ ಎತ್ತರಕ್ಕೆ ಅದು ಮಂಡಿಗೂ ಬರುತ್ತಿರಲಿಲ್ಲ.

"ನಿನ್ನನ್ನ ಯಾಕೆ ಕಳಿಸಿದ್ರು?"

"ಅವತ್ತು ಎಲ್ರಿಗೂ ಪಾಸು ಕೊಟ್ಟಿದ್ರು, ಯಾರೂ ತಗೊಳ್ಳಲಿಲ್ಲ ಅಂತ ಒಂದು ಕಾಗದ ತಂದಿದ್ದ ಸೂಪರ್‌ವೈಸರು. ಸಹಿ ಹಾಕು ಅಂದ. ಕೈ ನೋವು ಅಂದೆ."

"ಸರ್ಟಿಫಿಕೇಟ್ ಕೇಳಲಿಲ್ವಾ?"

ಉದ್ದಕ್ಕನ ತುಟಿ ಒಂದಿಷ್ಟೇ ಅಲುಗಿತು. ನಗಲಿಲ್ಲ. ಕೈಗವಸು ಏರಿಸಿಕೊಳ್ಳುತ್ತ ಹೇಳಿದಳು, "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ತಿಳ್ಕೊ."

"ಇರ್ಲಿ."

"ಇರುತ್ತೆ."

ಮೇಲಿನ ಮಹಡಿಯಿಂದ ಬಟ್ಟೆ ಜಾರುವ ಕೊಳವೆಯಲ್ಲಿ ಗಡಗಡ ಸದ್ದಾಯಿತು. ಹೆರಿಗೆ ವಾರ್ಡಿನ ದೊಡ್ಡ ಗಂಟೊಂದು ಧೊಪ್ಪನೆ ಬಂದು ಬಿತ್ತು. ನೀರು ಕುಡಿದು ಹೆಣಭಾರವಾಗಿತ್ತು. ಅವಳು ಗಂಟಿನ ಒಂದು ಕಿವಿ ಹಿಡಿದಳು. ಉದ್ದಕ್ಕ ಬಗ್ಗಿ ಇನ್ನೊಂದನ್ನು ಹಿಡಿದಳು. ಇಬ್ಬರೂ ಅದನ್ನು ಮೇಜಿನ ಮೇಲಕ್ಕೆತ್ತಿ, ಬಿಗಿದುಹೋಗಿದ್ದ ಗಂಟನ್ನು ಎರಡೂ ಕಡೆಯಿಂದ ಬಿಡಿಸತೊಡಗಿದರು.