ಎತ್ತಿಕೊಳ್ಳುವ ಹೊತ್ತು

ಐವತ್ತು ದಾಟಿದ ಮೇಲೆ ಅಕ್ಕ ಮದುವೆಯಾದಳು. ಬೀದಿಯೆಲ್ಲ ನಕ್ಕಿತು, ತಂಗಿ ಮಾತ್ರ ನಗಲಿಲ್ಲ. ಗಡಿಯಾರ ರಿಪೇರಿ ಮಾಡುವ ಒಬ್ಬಂಟಿ ಗಂಡಸೊಬ್ಬ ಗೋಡೆಯ ಗಡಿಯಾರ ಸರಿಮಾಡಲು ಬಂದವನು, ಗಡಿಯಾರವನ್ನು ಅಲ್ಲೇ ಬಿಟ್ಟು ಅಕ್ಕನನ್ನು ಕರೆದುಕೊಂಡು ಹೊರಟ. ಅವನ ಊರಿಗೆ ರೈಲಿನಲ್ಲಿ ಒಂದು ಹಗಲಿನ ದಾರಿ.

ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಇದ್ದವರು. ತಂಗಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು, ಅಕ್ಕ ಮಿಕ್ಕಿದ್ದೆಲ್ಲ ನೋಡಿಕೊಳ್ಳುತ್ತಿದ್ದಳು. ಮಬ್ಬುಗತ್ತಲಾದಾಗ ಅಕ್ಕ "ಏಳೇ, ಊಟಕ್ಕೆ" ಎಂದರೆ ತಂಗಿ ಮಶೀನು ಬಿಟ್ಟು ಏಳುತ್ತಿದ್ದಳು. ತನಗೆ ಹಸಿವಾಗಿದೆ ಎಂಬುದು ಕೂಡ ಅವಳಿಗೆ ಅಕ್ಕ ಹೇಳಿದ ಮೇಲೇ ಗೊತ್ತಾಗುತ್ತಿತ್ತು.

ಹೊರಡುವ ದಿನ ಅಕ್ಕ ಒಂದು ರಟ್ಟಿನ ಪೆಟ್ಟಿಗೆ ತಂದು ಮಶೀನಿನ ಪಕ್ಕ ಇಟ್ಟಳು. ಒಳಗೆ ಕೋಳಿಮರಿಗಳ ಕಿಚಪಿಚ.

"ನಿಂಗೆ ಹೊತ್ತು ಹೋಗ್ಲಿ ಅಂತ ತಂದೆ ಕಣೇ."

"ನಾನೇನು ಹೊತ್ತು ಹೋಗ್ದೆ ಕೂತಿದೀನಾ? ಹೊಲಿಗೆ ಗುಡ್ಡೆ ಬಿದ್ದಿದೆ," ಎಂದು ತಂಗಿ ಮುಖ ಊದಿಸಿಕೊಂಡಳು. ಆಟೋ ಹೊರಟಾಗಲೂ ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. ದಾರ ಮಾತ್ರ ಪೋಣಿಸಿಕೊಳ್ಳಲಿಲ್ಲ.

ಅಂದಿನಿಂದ ಅಕ್ಕ ದಿನಾ ಸಂಜೆ ಫೋನು ಮಾಡುತ್ತಿದ್ದಳು.

"ಊಟ ಆಯ್ತಾ?"

"ಇಲ್ಲ."

"ಏಳು, ತಿನ್ನು."

ಫೋನಿಟ್ಟ ಮೇಲೆ ತಂಗಿ ಎದ್ದು ತಟ್ಟೆ ಹಾಕಿಕೊಳ್ಳುತ್ತಿದ್ದಳು. ಫೋನು ತಡವಾದರೆ ಊಟವೂ ತಡ. ಹಟ ಎನ್ನಿ, ಅಭ್ಯಾಸ ಎನ್ನಿ, ಹೊಟ್ಟೆ ಚುರುಗುಟ್ಟಿದರೂ ಅವಳು ಏಳುತ್ತಿರಲಿಲ್ಲ.

ಮರಿಗಳು ಬೆಳೆದವು. ಮಶೀನಿನ ಸದ್ದು ಕೇಳುತ್ತಾ, ಬಟ್ಟೆಯ ಚೂರುಗಳ ಮೇಲೆ ಮಲಗುತ್ತಾ ಬೆಳೆದವು. ಬಟನ್, ಬಾಬಿನ್, ಕತ್ತರಿ ಎಂದು ಹೆಸರೂ ಬಿತ್ತು. ಬೇಸಿಗೆ ಕಾಲಿಡುವ ಹೊತ್ತಿಗೆ ಅವು ಗಿರಾಕಿಗಳ ಬಟ್ಟೆಯ ಮೇಲೆ ಹಿಕ್ಕೆ ಹಾಕತೊಡಗಿದವು. ಅಲ್ಲಿಗೆ ಮುದ್ದು ಮುಗಿಯಿತು. ಹಿತ್ತಲಲ್ಲಿ ಹಳೆಯದೊಂದು ಕೋಳಿಗೂಡಿತ್ತು, ಹಲಗೆಯ ಗೋಡೆ, ತಗಡಿನ ಮಾಡು. ಅವನ್ನು ಅಲ್ಲಿಗೆ ದಾಟಿಸಿದಳು. ಆದರೆ ದಿನವಿಡೀ ಬಿಸಿಲು ಕುಡಿದ ತಗಡು ಸಂಜೆಗೆ ಕಾದ ಕಾವಲಿಯಾಗಿರುತ್ತಿತ್ತು. ಕೋಳಿಗಳು ಬಾಗಿಲ ತನಕ ಹೋಗಿ, ಕತ್ತು ಚಾಚಿ, ಒಳಗಿನ ಝಳ ಮುಖಕ್ಕೆ ಬಡಿದ ಕೂಡಲೇ ಹಿಂದಕ್ಕೆ ಓಡಿಬಂದು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದವು. ಕತ್ತಲಾಗಿ ತಗಡು ತಣಿದ ಮೇಲೆ ತಂಗಿ ಒಂದೊಂದನ್ನೇ ಎತ್ತಿ ಎದೆಗವಚಿ ಗೂಡಿಗೆ ಬಿಟ್ಟು ಬರುತ್ತಿದ್ದಳು.

ಗೂಡು ಸರಿಮಾಡಿಸಬಹುದಿತ್ತು. ಅದು ಅವಳಿಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಗಿನಿಂದ ಸಂಜೆಯ ತನಕ ಅವಳು ಊರಿನವರ ತೋಳು, ಸೊಂಟ, ಭುಜವನ್ನೆಲ್ಲ ಟೇಪು ಹಿಡಿದು ಅಳೆಯುತ್ತಿದ್ದಳು, ಅವಳನ್ನು ಮುಟ್ಟುವವರು ಯಾರೂ ಇರಲಿಲ್ಲ. ಅಂಗೈ ತುಂಬ ಬೆಚ್ಚಗೆ ಕೂತು ಡವಡವ ಎನ್ನುವ ಜೀವವೊಂದು ಸಿಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಗೂಡಿನ ಕೆಲಸ ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ಸಂಜೆ ಮದುಮಗಳ ಬಟ್ಟೆಯ ಅಳತೆ ನೋಡಲು ಗಿರಾಕಿಯ ಮನೆಗೆ ಹೋದಳು. ತೋಳು ಬಿಗಿ, ಕೊರಳು ಸಡಿಲ, ಮದುಮಗಳ ಅತ್ತೆಯದೊಂದು ರಾಗ, ಚಿಕ್ಕಮ್ಮನದೊಂದು ರಾಗ. ಮನೆಗೆ ಬರುವಾಗ ಕತ್ತಲು ಗವ್ವೆನ್ನುತ್ತಿತ್ತು. ಹಿತ್ತಲ ಬಾಗಿಲು ತೆಗೆದು ದೀಪ ಹಾಕಿದರೆ ಮೆಟ್ಟಿಲ ಮೇಲೆ ಪುಕ್ಕ ಚೆಲ್ಲಾಡಿತ್ತು. ಬಾಬಿನ್ ಇರಲಿಲ್ಲ. ಗೋಡೆಯ ಆಚೆ ಬೆಕ್ಕಿನ ಗುರುಗುರು ಕೇಳಿಸಿತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಉಳಿದವು ಎಲ್ಲಿಗೂ ಓಡಿಹೋಗಿರಲಿಲ್ಲ. ಅದೇ ಪುಕ್ಕಗಳ ನಡುವೆ ಒಂದಕ್ಕೊಂದು ಅಂಟಿಕೊಂಡು, ಅವಳು ಬಂದು ಎತ್ತಿಕೊಳ್ಳಲಿ ಎಂದು ಕಾಯುತ್ತಾ ಕೂತಿದ್ದವು.

ಬೆಳಿಗ್ಗೆ ಬಂದ ಸೊಪ್ಪಿನಜ್ಜಿಗೆ ಇದನ್ನು ಹೇಳಿ ಕಣ್ಣೊರೆಸಿಕೊಂಡಳು. ಅಜ್ಜಿ ಬುಟ್ಟಿ ಇಳಿಸಿ ನೇರ ಹಿತ್ತಲಿಗೆ ಹೋಗಿ ಗೂಡಿನೊಳಗೆ ಕೈಯಾಡಿಸಿ ನೋಡಿದಳು.

"ದಿನಾ ನೀನೇ ಎತ್ಕೊಂಡು ಬಂದು ಬಿಡ್ತೀಯಾ?"

"ದಿನಾ."

"ಹಾಗಾದ್ರೆ ಇವು ಗೂಡಿಗೆ ಹೋಗೋದು ಕಲಿತಿಲ್ಲ ತಾಯಿ, ನಿನ್ನ ಕೈಗೆ ಕಾಯೋದು ಕಲಿತಿವೆ. ನಾಳೆ ನೀನು ಜ್ವರ ಬಂದು ಮಲಗಿದ್ರೆ ಅಷ್ಟೂ ಬೆಕ್ಕಿನ ಪಾಲು."

"ಮತ್ತೇನ್ ಮಾಡ್ಲಿ ಅಜ್ಜಿ? ಹಗಲೆಲ್ಲ ಒಳಗೇ ಕೂಡಿ ಹಾಕಿ ರೂಢಿ ಮಾಡ್ಸು ಅಂತಾರೆ."

"ಈ ಸೆಕೆಗಾ? ಬೆಂದು ಹೋಗ್ತವೆ ಅಷ್ಟೇ. ಮೊದ್ಲು ಗೂಡು ತಣ್ಣಗೆ ಮಾಡು. ಸಂಜೆ ಕಾಳು, ನೀರು ಎರಡೂ ಒಳಗೇ ಇಡು, ಹೊರಗೆ ಒಂದು ಕಾಳೂ ಹಾಕ್ಬೇಡ. ಆಮೇಲೆ ಕೈ ಕಟ್ಕೊಂಡು ಕೂರು. ಕತ್ತಲಾದ್ರೂ ಹೋಗ್ಲಿಲ್ಲ ಅಂದ್ರೆ ಪೊರಕೆ ಹಿಡಿದು ನೆಲದ ಮೇಲೇ ಅಟ್ಟು. ಎತ್ತಬೇಡ. ಏನಾದ್ರೂ ಆಗ್ಲಿ, ಎತ್ತಬೇಡ."

ಇಬ್ಬರೂ ಸೇರಿ ಗೂಡನ್ನು ಮರದ ನೆರಳಿಗೆ ಎಳೆದರು. ತಂಗಿ ಎರಡು ಬದಿಯ ಹಲಗೆ ಕಿತ್ತು ತಂತಿಬಲೆ ಬಡಿದಳು. ಮಾಡಿನ ಮೇಲೆ ಒದ್ದೆ ಗೋಣಿ ಹೊದಿಸಿದಳು, ಮಧ್ಯಾಹ್ನ ಮಶೀನು ಬಿಟ್ಟು ಹೋಗಿ ಅದಕ್ಕೆ ಮತ್ತೆ ನೀರು ಚಿಮುಕಿಸಿದಳು. ಸಂಜೆಗೆ ಒಳಗೆ ಕೈಯಿಟ್ಟರೆ ಮನೆಗಿಂತ ಗೂಡೇ ತಂಪಾಗಿತ್ತು. ಕೋಳಿಗಳಿಗೆ ಅದು ಗೊತ್ತಾಗಬೇಕಲ್ಲ! ಅವು ಎಂದಿನಂತೆ ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂತವು.

ತಂಗಿ ಬಾಗಿಲು ಹಾಕಿಕೊಂಡು ಬೆಕ್ಕು ಬಂದರೆ ಕಾಣಲೆಂದು ಕಿಟಕಿಯ ಹತ್ತಿರ ಕೂತಳು. ಅವು ಬಾಗಿಲು ಕುಕ್ಕಿದವು, ಕೂಗಿದವು. ಬಟನ್‌ನ ದನಿ ಚಿಕ್ಕಂದಿನ ಕಿಚಪಿಚಕ್ಕೆ ಇಳಿಯಿತು. ತಂಗಿ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಕತ್ತಲು ಪೂರ್ತಿ ಇಳಿದಾಗ ಪೊರಕೆ ಹಿಡಿದು ಹೊರಗೆ ಬಂದು, "ನಡೀರಿ, ನಡೀರಿ, ಕಾಲಿಲ್ವಾ ನಿಮಗೆ?" ಎಂದು ಬೈಯುತ್ತಾ ಅಟ್ಟಿದಳು. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ಸೊಪ್ಪಿನಜ್ಜಿ ಬೆಳಿಗ್ಗೆ ಬಂದು, "ಎತ್ತಿದ್ಯಾ?" ಎಂದು ಗದರುವಳು. "ಇಲ್ಲ ಅಜ್ಜಿ," ಎಂದು ತಂಗಿ ಶಾಲೆಯ ಹುಡುಗಿಯಂತೆ ತಲೆ ತಗ್ಗಿಸುವಳು.

ಆಮೇಲೊಂದು ಸಂಜೆ ಬಾಗಿಲು ಕುಕ್ಕುವ ಸದ್ದು ಬೇಗ ನಿಂತಿತು. ತಂಗಿ ಕಿಟಕಿಯಿಂದ ಬಗ್ಗಿ ನೋಡಿದಳು. ಬಟನ್ ಮೆಟ್ಟಿಲಿಳಿದು ಅಂಗಳದ ನಡುವೆ ನಿಂತಿತ್ತು. ಒಮ್ಮೆ ಬಾಗಿಲ ಕಡೆ ತಿರುಗಿತು. ಬಾಗಿಲು ತೆರೆಯಲಿಲ್ಲ. ಅದು ಮೈ ಕೊಡವಿಕೊಂಡು, ತನ್ನದೇ ಮನೆಗೆ ಹೋಗುವ ಗತ್ತಿನಲ್ಲಿ ಗೂಡು ಹೊಕ್ಕಿತು. ಹಿಂದೆಯೇ ಕತ್ತರಿ, ಅದರ ಹಿಂದೆ ಉಳಿದವು. ಪೊರಕೆ ಮೂಲೆಯಲ್ಲೇ ಉಳಿಯಿತು.

ತಂಗಿ ಹೋಗಿ ಗೂಡಿನ ಚಿಲಕ ಹಾಕಿದಳು. ಒಳಗೆ ಕಾಳು ಕುಕ್ಕುವ ಟಿಕಟಿಕ ಸದ್ದು. ಯಾವುದೂ ಅವಳ ಕಡೆ ತಿರುಗಿ ನೋಡಲಿಲ್ಲ. ಇನ್ನು ಬೆಕ್ಕಿನ ಭಯವಿಲ್ಲ, ಬದುಕಿಕೊಂಡವು ಎಂದು ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಆದರೂ ಅಂಗಳದಲ್ಲಿ ಅವಳು ತುಂಬ ಹೊತ್ತು ನಿಂತಳು. ಏನು ಮಾಡಬೇಕೆಂದು ತೋಚದೆ ಕೈಗಳೆರಡೂ ಸುಮ್ಮನೆ ಜೋತುಬಿದ್ದಿದ್ದವು. ಎತ್ತಿಕೊಳ್ಳಲು ಏನೂ ಇಲ್ಲದ ಕೈ ಇಷ್ಟು ಭಾರವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಒಳಗೆ ಬಂದಾಗ ಹೊಟ್ಟೆ ಹಸಿದಿತ್ತು. ಹಸಿದಿದೆ ಎಂದು ಯಾರೂ ಹೇಳಿರಲಿಲ್ಲ, ಆದರೂ ಹಸಿದಿತ್ತು. ತಟ್ಟೆ ಹಾಕಿಕೊಂಡು ಹೊಟ್ಟೆ ತುಂಬ ಉಂಡಳು. ತಟ್ಟೆ ತೊಳೆದು ಕವುಚಿ ಹಾಕಿದಳು. ಆಮೇಲೆ ಫೋನು ಬಡಿದುಕೊಂಡಿತು.

ಅಕ್ಕನಿಗೆ ಹೇಳಿ ಬೀಗಬೇಕೆಂದು ಅವಳ ನಾಲಿಗೆ ತುರಿಸುತ್ತಿತ್ತು. ಕೋಳಿಗಳು ತಾವೇ ಗೂಡಿಗೆ ಹೋದವು ಕಣೇ, ನಾನೂ ನಾನಾಗೇ ಉಂಡೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಬೇಕೆಂದು ಫೋನು ಕಿವಿಗಿಟ್ಟಳು. ಆಚೆಯಿಂದ ಮೊದಲು ಗಡಿಯಾರಗಳ ಸದ್ದು ಕೇಳಿಸಿತು. ಎಷ್ಟೊಂದು ಗಡಿಯಾರ! ಅವುಗಳ ನಡುವೆ ಬೇರೆ ಸದ್ದೇ ಇರಲಿಲ್ಲ.

"ಭಾವ ಇಲ್ವೇನೇ?"

"ಅಂಗಡಿಯಿಂದ ಇನ್ನೂ ಬಂದಿಲ್ಲ. ಬರೋದು ದಿನಾ ಹೊತ್ತಾಗುತ್ತೆ. ಬಂದ್ರೂ ಅವರದೇ ಲೋಕ," ಎಂದು ಅಕ್ಕ ನಕ್ಕಳು. ಆ ನಗುವಿನಲ್ಲಿ ನಗು ಕಡಿಮೆಯಿತ್ತು. "ಅದಿರ್ಲಿ. ಊಟ ಆಯ್ತಾ?"

ತಂಗಿ ತೊಳೆದಿಟ್ಟ ತಟ್ಟೆಯನ್ನು ನೋಡಿದಳು. ತನ್ನ ಕೈಗಳನ್ನು ನೋಡಿಕೊಂಡಳು.

"ಇಲ್ಲ ಅಕ್ಕಾ. ನೀನು ಹೇಳ್ಲಿ ಅಂತ ಕೂತಿದೀನಿ."

"ಹುಚ್ಚಿ! ಏಳು, ಏಳು, ತಿನ್ನು," ಎಂದಳು ಅಕ್ಕ. ದನಿಗೆ ಒಮ್ಮೆಲೇ ಜೀವ ಬಂದಿತ್ತು. "ನಾನಿಲ್ದಿದ್ರೆ ಉಪವಾಸ ಬೀಳ್ತೀಯ ನೋಡು ನೀನು."

"ಹೂಂ, ಬೀಳ್ತೀನಿ," ಎಂದಳು ತಂಗಿ. ಕವುಚಿ ಹಾಕಿದ್ದ ತಟ್ಟೆಯನ್ನು ತೆಗೆದು, ಆಚೆ ಕೇಳಿಸಲೆಂದು ನೆಲದ ಮೇಲೆ ಠಣ್ ಎಂದು ಇಟ್ಟಳು.