ಹ್ಯಾಡರ್ಬಿಯಿಂದ ಸಂಸತ್ತಿಗೆ ಹೋದ ಪತ್ರ

ಲಂಡನ್‌ನಿಂದ ದೂರದ ಕಡಲೂರಾದ ನಮ್ಮ ಹ್ಯಾಡರ್ಬಿಯ ನೆವಿಲ್ ಹೋಲ್ರಾಯ್ಡ್ ಮೂವತ್ತು ವರ್ಷ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೂ ಅವರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆಳಗಿನ ಚಹಾ ಕುಡಿದು ಹೆಂಡತಿ ಮೇವಿಸ್ ಜೊತೆ ಕಡಲ ದಂಡೆಗೆ ಹೊರಟರೆ, ಅರ್ಧ ಊರನ್ನು ಮಾತನಾಡಿಸಿಯೇ ಮನೆಗೆ ಬರುತ್ತಿದ್ದರು. ಅಂಥವರು ಕಳೆದ ವಸಂತದಲ್ಲಿ ಇದ್ದಕ್ಕಿದ್ದಂತೆ ಹೊಸಿಲು ದಾಟುವುದನ್ನೇ ಬಿಟ್ಟರು.

"ಮಂಡಿ ನೋವು" ಎಂದರು. ಮೇವಿಸ್ ಮುಲಾಮು ತಂದಿಟ್ಟರು. ಅದರ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

ಒಂದು ದಿನ ಮೇವಿಸ್ ಬಿಡಲಿಲ್ಲ. "ಮಂಡಿ ನೋವಿರೋನು ಮೆಟ್ಟಿಲು ದಡದಡ ಇಳೀತಾನಾ? ನಿಜ ಹೇಳು, ಏನಾಯ್ತು?"

ನೆವಿಲ್ ಕಿಟಕಿಯ ಕಡೆ ಮುಖ ತಿರುಗಿಸಿ ಹೇಳಿದರು. "ನಂಗೀಗ ಜಾಸ್ತಿ ಹೊತ್ತು ತಡ್ಕೊಳೋಕಾಗಲ್ಲ. ಅವತ್ತು ಒಬ್ನೇ ದಂಡೆಗೆ ಹೋಗಿದ್ನಲ್ಲ, ಅಲ್ಲಿ ಟಾಯ್ಲೆಟ್ಟಿಗೆ ಬೀಗ. ಗೋಡೆ ಮರೆಗೆ ಹೋದೆ. ಯಾರೋ ಹೆಂಗಸು 'ನಾಚ್ಕೆ ಆಗಲ್ವಾ ಮುದುಕಾ' ಅಂತ ಕೂಗಿದ್ಲು. ಆಯ್ತು ಮೇವಿಸ್. ತುಂಬಾ ನಾಚ್ಕೆ ಆಯ್ತು."

ಮಾರನೆಯ ದಿನ ಮೇವಿಸ್ ತಾವೇ ದಂಡೆಗೆ ಹೋಗಿ ನೋಡಿದರು. ಶೌಚಾಲಯದ ಬಾಗಿಲಿಗೆ ದೊಡ್ಡ ಬೀಗ. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೊಸ ಚೌಕ. ನುಣುಪು ಕಲ್ಲಿನ ನೆಲ, ನಡುವೆ ಕಾರಂಜಿ, ಪಕ್ಕದಲ್ಲಿ ಫಲಕ: 'ಪ್ರಾದೇಶಿಕ ಬೆಳವಣಿಗೆ ಯೋಜನೆಯ ನೆರವಿನಿಂದ.'

ಮನೆಗೆ ಬಂದು ಹೇಳಿದಾಗ ನೆವಿಲ್ ಮೂಗು ಮುರಿದರು. "ನೋಡಿದ್ಯಾ? ಕಾರಂಜೀಲಿ ನೀರು ಬಿಡೋಕೆ ದುಡ್ಡಿದೆ. ನಾವು ನೀರು ಬಿಡೋಕೆ ಜಾಗ ಇಲ್ಲ!"

ಮೇವಿಸ್ ನಕ್ಕರು. ಆದರೆ ಆ ಮಾತು ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಅದು ಹೇಗೆ ಸಾಧ್ಯ? ಚೌಕ ಕಟ್ಟುವಷ್ಟು ಹಣವಿದ್ದ ಊರಿಗೆ ಒಂದು ಬಾಗಿಲು ತೆರೆದಿಡಲು ಹಣವಿಲ್ಲವೆ? ಪುರಸಭೆಗೆ ಹೋಗಿ ಕೇಳಿದರು. "ಅದು ಬೇರೆ ದುಡ್ಡಮ್ಮ, ಇದು ಬೇರೆ ದುಡ್ಡು" ಎಂದ ಗುಮಾಸ್ತ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮೇವಿಸ್‌ಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನೇರ ಗ್ರಂಥಾಲಯಕ್ಕೆ ನಡೆದರು.

ಅಲ್ಲಿನ ನಸ್ರೀನ್ ನಮ್ಮ ಬೀದಿಯವಳೇ. ಗೊತ್ತಿಲ್ಲದ್ದನ್ನು ಹುಡುಕಿ ಕೊಡುವುದರಲ್ಲಿ ಅವಳಿಗೆ ಖುಷಿ.

"ಗುಮಾಸ್ತ ಸುಳ್ಳು ಹೇಳಿಲ್ಲ ಆಂಟಿ" ಎಂದಳು. "ಚೌಕ ಕಟ್ಟೋ ದುಡ್ಡು ಲಂಡನ್‌ನ ಸರ್ಕಾರದಿಂದ ಬಂತು. ಕಟ್ಟೋಕೆ ಅಂತ ಕೊಟ್ಟಿದ್ದನ್ನ ಕಟ್ಟೋಕೇ ಬಳಸ್ಬೇಕು. ಟಾಯ್ಲೆಟ್ ತೊಳೆಯೋರ ಸಂಬಳ, ದೀಪ, ಕಾಗದ, ಇದೆಲ್ಲಾ ಪುರಸಭೆಯ ದಿನದ ಖರ್ಚಿನ ದುಡ್ಡಿಂದ ಬರ್ಬೇಕು. ಅದು ವರ್ಷ ವರ್ಷ ಸೊರಗ್ತಾ ಬಂದಿದೆ. ಕ್ರಿಸ್ಮಸ್‌ಗೆ ಯಾರೋ ಒಳ್ಳೇ ಕೋಟು ಕೊಡಿಸಿದ ಹಾಗೆ. ಚೆನ್ನಾಗಿದೆ, ಆದ್ರೆ ಬೇಯಿಸಿ ತಿನ್ನೋಕಾಗುತ್ತಾ?"

"ಹಾಗಾದ್ರೆ ಕೋಟು ಕೊಡಿಸೋರನ್ನ ಯಾರೂ ಕೇಳಲ್ವಾ? 'ಇವ್ರ ಹೊಟ್ಟೆ ತುಂಬಿದ್ಯಾ' ಅಂತ?"

"ಕೇಳ್ತಾರೆ. ಸಂಸತ್ತಲ್ಲಿ ಅದಕ್ಕೇ ಸಮಿತಿಗಳಿವೆ. ಸರ್ಕಾರದ ಪಕ್ಷದವರು, ಎದುರು ಪಕ್ಷದವರು ಒಟ್ಟಿಗೆ ಕೂತು ಮಂತ್ರಿಗಳನ್ನ, ದೊಡ್ಡ ಅಧಿಕಾರಿಗಳನ್ನ ಕರೆಸಿ ಪ್ರಶ್ನೆ ಕೇಳ್ತಾರೆ." ನಸ್ರೀನ್ ಕಂಪ್ಯೂಟರಿನ ಪರದೆ ತಿರುಗಿಸಿದಳು. "ಇಲ್ನೋಡಿ. ಊರುಗಳಿಗೆ ಕೊಟ್ಟ ಈ ಹಣದಿಂದ ಏನಾಯ್ತು ಅಂತ ಈಗಲೇ ವಿಚಾರಣೆ ನಡೀತಿದೆ. ಯಾರು ಬೇಕಾದ್ರೂ ಸಾಕ್ಷ್ಯ ಬರೆದು ಕಳಿಸಬಹುದು. ನೀವೂ."

ಸಂಜೆ ಈ ಸುದ್ದಿ ಕೇಳಿ ನೆವಿಲ್ ಗಹಗಹಿಸಿದರು. "ನಿನ್ನ ಪತ್ರ ಅವ್ರಿಗೆ ಉಪಯೋಗಕ್ಕೆ ಬರುತ್ತೆ ಬಿಡು. ಓದೋಕಲ್ಲ, ಒರೆಸೋಕೆ!"

"ಆಗ್ಲಿ. ಅವ್ರ ಟಾಯ್ಲೆಟ್ಟಾದ್ರೂ ತೆಗೆದಿದೆಯಲ್ಲ" ಎಂದರು ಮೇವಿಸ್.

ಪತ್ರದಲ್ಲಿ ಏನು ಬರೆಯುವುದು? "ಸಿಟ್ಟು ಬೇಡ, ಭಾಷಣ ಬೇಡ. ಕಂಡಿದ್ದನ್ನ ಬರೀರಿ" ಎಂದಿದ್ದಳು ನಸ್ರೀನ್. ಕಾಣಬೇಕಾದರೆ ನೋಡಬೇಕಲ್ಲ? ಮೇವಿಸ್ ಒಂದು ವಾರ ಬೆಳಗಿನ ಹೊತ್ತು ಮಡಚುವ ಕುರ್ಚಿ ಹಾಕಿಕೊಂಡು ಆ ಬೀಗದ ಎದುರು ಕುಳಿತರು. ಬಂದು ಬಾಗಿಲು ಅಲ್ಲಾಡಿಸಿದವರನ್ನೆಲ್ಲ ಮಾತನಾಡಿಸಿದರು.

ಮುದುಕರಷ್ಟೇ ಬರುತ್ತಾರೆ ಎಂದುಕೊಂಡಿದ್ದರು. ಬಂದವರೇ ಬೇರೆ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡ ತಾಯಿ. ಮುಂದಿನ ಸರದಿಗೆ ಎಂಟೇ ನಿಮಿಷವಿದ್ದ ಬಸ್ ಚಾಲಕಿ. ಕರುಳಿನ ಕಾಯಿಲೆಯಿದ್ದ ಕಾಲೇಜು ಹುಡುಗಿ. ವಾರ ಮುಗಿಯುವಾಗ ಅರವತ್ಮೂರು ಜನ. ಚೌಕದ ಕೆಫೆಯ ಯಜಮಾನಿ ಡಿಲಿಸ್ ಹೇಳಿದ ಮಾತು ಮೇವಿಸ್‌ರನ್ನು ಬೆಚ್ಚಿಬೀಳಿಸಿತು. "ಜನ ಬರ್ತಾರೆ, ಕಾರಂಜಿ ನೋಡ್ತಾರೆ, ಟಾಯ್ಲೆಟ್ ಎಲ್ಲಿ ಅಂತಾರೆ. ನನ್ನ ಅಂಗಡೀಲಿ ಇರೋದು ಒಂದೇ, ಸಾಲು ಬೀದಿವರೆಗೂ. ಕೊನೆಗೆ ಕಾರು ಹತ್ತಿ ಹೋಗ್ಬಿಡ್ತಾರೆ. ವ್ಯಾಪಾರ ಬೆಳೀಲಿ ಅಂತ ಕಟ್ಟಿದ ಚೌಕ ಇದು!"

ಅಲ್ಲಿಗೆ ಒಗಟು ಬಿಡಿಸಿದಂತಾಯಿತು. ಬೀಗ ಹಾಕಿದ್ದು ಬಾಗಿಲಿಗೆ ಮಾತ್ರವಲ್ಲ. ಬೆಳವಣಿಗೆಗಾಗಿ ಬಂದ ಹಣಕ್ಕೇ ಬೀಗ ಬಿದ್ದಿತ್ತು.

ಮೇವಿಸ್ ಇದನ್ನೆಲ್ಲ ಬರೆದು ಗಂಡನಿಗೆ ಓದಿ ಹೇಳಿದರು. ಮುಗಿದ ಮೇಲೆ ನೆವಿಲ್ ಕೇಳಿದರು.

"ಆ ಬಸ್ ಓಡಿಸೋ ಹುಡುಗಿ... ಎಂಟು ನಿಮಿಷದಲ್ಲಿ ಏನ್ಮಾಡಿದ್ಲು?"

"ಹಾಗೇ ಹೊರಟ್ಲು. ಮಧ್ಯಾಹ್ನದವರೆಗೂ ನೀರು ಕುಡಿಯಲ್ವಂತೆ."

ನೆವಿಲ್ ಪೆನ್ನಿಗಾಗಿ ಕೈಚಾಚಿದರು. "ಕೊಡು ಇಲ್ಲಿ. ನಂದೂ ಸೇರಿಸ್ತೀನಿ."

ಹೆಸರು ಬಹಿರಂಗವಾಗಬಾರದು ಎಂದು ಕೇಳಿಕೊಳ್ಳಬಹುದು ಎಂದು ನಸ್ರೀನ್ ತಿಳಿಸಿದ್ದಳು. ನೆವಿಲ್ ಬೇಡವೆಂದು ತಲೆಯಾಡಿಸಿದರು. ಗೋಡೆಯ ಮರೆಗೆ ಹೋದದ್ದನ್ನೂ, ಆ ಹೆಂಗಸು ಕೂಗಿದ್ದನ್ನೂ ಬರೆದು ಪೂರ್ತಿ ಹೆಸರು ಹಾಕಿದರು.

ಎರಡು ತಿಂಗಳಾದ ಮೇಲೆ ಸಮಿತಿಯ ಸಭೆ. ಅದನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ಗ್ರಂಥಾಲಯದ ಒಂದು ಪರದೆಯ ಮುಂದೆ ನಾವು ಒಂಬತ್ತು ಜನ ಸೇರಿದೆವು. ಒಂದು ಗಂಟೆ ಆಕಳಿಸಿದೆವು. ಆಮೇಲೆ, ನಮ್ಮೂರನ್ನು ಕಂಡೇ ಇರದ ಒಬ್ಬ ಸಂಸದೆ ಕಾಗದ ಎತ್ತಿಕೊಂಡು ಎದುರಿಗಿದ್ದ ಹಿರಿಯ ಅಧಿಕಾರಿಯನ್ನು ಕೇಳಿದರು. "ಹ್ಯಾಡರ್ಬಿಯ ಶ್ರೀ ಹೋಲ್ರಾಯ್ಡ್ ಬರೆದಿದ್ದಾರೆ: 'ಹೊಸ ಚೌಕ ಚೆನ್ನಾಗಿದೆ. ಆದರೆ ನಾನು ಅಲ್ಲಿಗೆ ಹೋಗಲಾರೆ.' ಕಟ್ಟಲು ಹಣ ಕೊಡುವಾಗ, ಕಟ್ಟಿದ ಮೇಲೆ ನಡೆಸುವವರು ಯಾರು ಎಂದು ನೀವು ಕೇಳಿದ್ದಿರಾ?"

ಅಧಿಕಾರಿ ಕಡತ ತಿರುವಿದರು. ಪಕ್ಕದವರ ಮುಖ ನೋಡಿದರು. "ವಿವರವನ್ನು ಸಮಿತಿಗೆ ಬರೆದು ತಿಳಿಸುತ್ತೇನೆ" ಎಂದರು.

"ಅಯ್ಯೋ, ಅವ್ರಿಗೇ ಗೊತ್ತಿಲ್ಲ ಕಣೇ!" ಎಂದರು ನೆವಿಲ್. ಅವರ ಕಿವಿ ಕೆಂಪಾಗಿತ್ತು.

ಮುಚ್ಚುಮರೆಯಿಲ್ಲದೆ ಹೇಳಬೇಕು. ಸಮಿತಿಗೆ ನಮ್ಮೂರ ಬೀಗ ತೆಗೆಸುವ ಅಧಿಕಾರವಿಲ್ಲ. ಅದು ವಿಚಾರಿಸುತ್ತದೆ, ವರದಿ ಬರೆಯುತ್ತದೆ, ಸರ್ಕಾರ ಉತ್ತರ ಕೊಡಬೇಕಾಗುತ್ತದೆ. ಈ ಸಲ ಉತ್ತರ ಅರೆಬರೆ ಬಂತು. ಮುಂದೆ ಹಣ ಕೇಳುವ ಊರುಗಳು ನಡೆಸುವ ಖರ್ಚಿನ ದಾರಿಯನ್ನೂ ತೋರಿಸಬೇಕು ಎಂಬುದನ್ನು ಸರ್ಕಾರ ಒಪ್ಪಿತು. ಈಗಾಗಲೇ ಕಟ್ಟಿದ್ದಕ್ಕೆ ಹೆಚ್ಚಿನ ನೆರವು ಕೊಡಲು ಒಪ್ಪಲಿಲ್ಲ. ಆದರೆ ಸಂಸತ್ತಿನಲ್ಲಿ ಊರಿನ ಹೆಸರು ಕೇಳಿಬಂದ ಮೇಲೆ ನಮ್ಮ ಪುರಸಭೆಯವರಿಗೆ ಸುಮ್ಮನಿರಲಾಗಲಿಲ್ಲ. ಡಿಲಿಸ್ ಮತ್ತು ಅಕ್ಕಪಕ್ಕದ ಅಂಗಡಿಯವರು ಬೀಗದ ಕೈ ನೋಡಿಕೊಳ್ಳಲು ಮುಂದೆ ಬಂದರು. ತೊಳೆಯುವ ಹೊಣೆ ಪುರಸಭೆಯದು. ಈಗ ಬಾಗಿಲು ಒಂಬತ್ತರಿಂದ ಐದರವರೆಗೆ ತೆರೆದಿರುತ್ತದೆ. ಭಾನುವಾರ ಇನ್ನೂ ಬೀಗವೇ. ಅದರ ಬಗ್ಗೆ ಮೇವಿಸ್ ಬೇರೆ ಪತ್ರ ಬರೆದಿದ್ದಾರೆ.

ಮೊನ್ನೆ ಮೀನಂಗಡಿಯ ಸಾಲಿನಲ್ಲಿ ಒಬ್ಬ ದಢೂತಿ ಮನುಷ್ಯ ನೆವಿಲ್‌ರ ಹತ್ತಿರ ಸರಿದು ಪಿಸುಗುಟ್ಟಿದ. "ಆ ಪತ್ರ ನಿಮ್ದೇ ಅಲ್ವಾ? ನಾನೂ ಒಂದು ವರ್ಷದಿಂದ ಆಚೆ ಬಂದಿರ್ಲಿಲ್ಲ ಸಾರ್. ನಂಗೊಬ್ನಿಗೇ ಹೀಗೆ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣಯ್ಯಾ" ಎಂದರು ನೆವಿಲ್.

ಓದುಗರೇ, ನಿಮ್ಮ ಊರಿನಲ್ಲೂ ಹೊಸ ಫಲಕವೊಂದನ್ನು ನೆಟ್ಟಿರಬಹುದು. ನಿಂತು ಓದಿ. ಇದು ಯಾವ ಹಣ, ಕಟ್ಟಿದ ಮೇಲೆ ನಡೆಸುವವರು ಯಾರು ಎಂದು ಕೇಳಿ. ಸಂಸತ್ತಿನ ಸಮಿತಿ ಜನರ ಸಾಕ್ಷ್ಯ ಕೇಳಿದಾಗ ನೀವು ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿ. ದೊಡ್ಡ ಮಾತು ಬೇಕಿಲ್ಲ. ಅಲ್ಲಿ ಕುಳಿತವರ ಹತ್ತಿರ ಅಂಕಿಗಳು ಬೇಕಾದಷ್ಟಿವೆ. ನಿಮ್ಮ ಬೀದಿಯಲ್ಲಿ ಏನಾಯಿತು ಎಂಬುದು ಅವರಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮಗೆ.