ಮಾತ್ರೆ ತಂದ ಕೋಪ

ಬೀದಿಯ ಕೊನೆಯ ಕ್ಷೌರದಂಗಡಿಯವನಿಗೆ ಗಿರಾಕಿಗಳು ಇಟ್ಟ ಹೆಸರು ‘ಬೆಣ್ಣೆ’. ಕೈಯೂ ಹಾಗೇ, ಮಾತೂ ಹಾಗೇ. ಹದಿನೆಂಟು ವರ್ಷಗಳಲ್ಲಿ ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಈಚೆಗೆ ಅವನಿಗೆ ಫಿಟ್ಸ್ ಶುರುವಾಗಿತ್ತು, ಅದೂ ನಿದ್ದೆಯಲ್ಲಿ ಮಾತ್ರ. ಡಾಕ್ಟರು ದಿನಕ್ಕೆರಡು ಮಾತ್ರೆ ಬರೆದುಕೊಟ್ಟ ಮೇಲೆ ಅದು ನಿಂತೇಹೋಯಿತು. ಮನೆಯವರಿಗೆ ಹೋದ ಜೀವ ಬಂದಂತಾಯಿತು.

ಮಾತ್ರೆ ಶುರುವಾದ ಮೂರನೇ ವಾರ ಏಳು ವರ್ಷದ ಮಗಳು ನೀರು ಚೆಲ್ಲಿದಳು. ಅವನು ಮೇಜು ಗುದ್ದಿದ ರಭಸಕ್ಕೆ ತಟ್ಟೆ ಲೋಟಗಳೆಲ್ಲ ಕೆಳಗೆ ಬಿದ್ದವು. ಹುಡುಗಿ ಅಮ್ಮನ ಹಿಂದೆ ಅವಿತುಕೊಂಡಳು.

“ನಿದ್ದೆ ಸಾಲ್ದು ಅನ್ಸುತ್ತೆ,” ಎಂದು ಅವನು ತೇಲಿಸಿಬಿಟ್ಟ.

ಮರುವಾರ ನಿವೃತ್ತ ಲೆಕ್ಕದ ಮೇಷ್ಟ್ರು ಗಡ್ಡ ತೆಗೆಸಲು ಬಂದರು. ನೊರೆ ಹಚ್ಚಿಸಿಕೊಂಡು, ಕತ್ತು ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದರು.

“ನಮ್ಮ ಹೆಡ್‌ಮಾಸ್ಟ್ರು ಕುರ್ಚಿ ಸಮೇತ ಬಿದ್ದಿದ್ದು ನಿಂಗೆ ಹೇಳಿದ್ನೇನಯ್ಯಾ?”

ನೂರು ಸಲ ಕೇಳಿದ್ದರೂ “ಇಲ್ಲ ಸಾರ್, ಹೇಳಿ” ಅನ್ನುವುದು ಬೆಣ್ಣೆಯ ರೂಢಿ. ಅವತ್ತು ಆ ಪ್ರಶ್ನೆ ಕೇಳಿದ್ದೇ ಅವನಿಗೆ ತಡೆಯಲಾಗದ ಸಿಟ್ಟು ಬಂತು. ಒಂದು ಕೆನ್ನೆ ಮುಗಿಸಿದ ಕತ್ತಿ ಈಗ ಮೇಷ್ಟ್ರ ಗಂಟಲ ಮೇಲಿತ್ತು. ಅಲ್ಲೊಂದು ನರ ಪಟಪಟ ಬಡಿಯುತ್ತಿತ್ತು. ಈ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದು ತನಗೇ ಎಂದು ತಿಳಿದ ಕ್ಷಣ ಅವನು ಬೆಚ್ಚಿ ಕೈ ಹಿಂದಕ್ಕೆಳೆದ.

ಕತ್ತಿಯನ್ನು ಬಟ್ಟಲಿಗೆ ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದ.

“ಹೋಗಿ ಸಾರ್. ದಯವಿಟ್ಟು ಹೋಗಿ.”

“ಅರ್ಧ ಗಡ್ಡ ಹಾಗೇ ಇದ್ಯಲ್ಲೋ! ಶೇಷ ಉಳಿಸಿ ಕಳಿಸ್ತೀಯಾ?” ಎಂದು ನಕ್ಕ ಮೇಷ್ಟ್ರು, ಅವನ ಮುಖ ನೋಡಿ ಎದ್ದುನಿಂತರು. ನೊರೆ ಒರೆಸಿಕೊಂಡು ಹೊರಟುಹೋದರು.

ನಡುಮಧ್ಯಾಹ್ನ ಮನೆಗೆ ಬಂದ ಗಂಡನನ್ನು ಕಂಡು ಹೆಂಡತಿ ಗಾಬರಿಯಾದಳು.

“ನಂಗೆ ಹುಚ್ಚು ಹಿಡೀತಿದೆ ಕಣೇ. ಮೇಷ್ಟ್ರ ಕತ್ತು ಕುಯ್ದುಬಿಡ್ತಿದ್ದೆ. ಮಗೂನ ನನ್ನ ಹತ್ರ ಬಿಡಬೇಡ.”

ಅವಳು ಹೆದರಿದಳು. ಆದರೂ ಜಾಗ ಬಿಟ್ಟು ಕದಲಲಿಲ್ಲ. “ಇದೆಲ್ಲ ಆ ಮಾತ್ರೆ ಶುರು ಮಾಡಿದ್ಮೇಲೆ ಅಲ್ವಾ?”

ಅವನು ಮಾತ್ರೆಯ ಡಬ್ಬಿ ಎತ್ತಿ ಕಿಟಕಿಯಾಚೆ ಎಸೆಯಹೋದ. ಅವಳು ಕೈ ಹಿಡಿದಳು.

“ಬೇಡ ರೀ! ಒಂದೇ ಸಲ ಬಿಟ್ರೆ ಫಿಟ್ಸ್ ಮೇಲೆ ಫಿಟ್ಸ್ ಬರುತ್ತೆ ಅಂದಿಲ್ವಾ ಡಾಕ್ಟ್ರು? ನಡೀರಿ, ಈಗ್ಲೇ ಹೋಗೋಣ.”

ಡಾಕ್ಟರ ಮುಂದೆ ಅವನು ಕತ್ತಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಪೊಲೀಸರನ್ನು ಕರೆಯುತ್ತಾರೆಂದೇ ಹೆದರಿದ್ದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಈ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತೆ. ಇದು ನಿಮ್ಮ ಗುಣ ಅಲ್ಲ. ನಾನು ಮೊದಲೇ ಎಚ್ಚರಿಸಬೇಕಿತ್ತು. ಸಾಯಬೇಕು ಅಂತ ಏನಾದ್ರೂ ಅನ್ನಿಸಿತ್ತಾ?”

ಅವನು ನೆಲ ನೋಡಿದ. “ಎರಡು ಸಲ.”

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರು ಅವತ್ತು ಅವನನ್ನು ಮನೆಗೆ ಕಳಿಸಲಿಲ್ಲ. ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಹಳೆಯ ಮಾತ್ರೆಯ ಪ್ರಮಾಣ ಇಳಿಸುತ್ತಾ ಬೇರೊಂದನ್ನು ಶುರು ಮಾಡಿದರು.

ಅಂಗಡಿ ಒಂದೂವರೆ ತಿಂಗಳು ಮುಚ್ಚಿತ್ತು. ಕೋಪ ಇಳಿಯಿತು, ಫಿಟ್ಸ್ ಮರಳಲಿಲ್ಲ. ಮಗಳ ಹೆದರಿಕೆ ಹೋಗಲು ಮಾತ್ರ ಇನ್ನಷ್ಟು ದಿನ ಹಿಡಿಯಿತು. ಅವನು ಬಲವಂತ ಮಾಡದೆ ಕಾದ. ಒಂದು ಬೆಳಿಗ್ಗೆ ಅವಳು ಬಾಚಣಿಗೆ ತಂದು, ಒಂದು ಮೊಳ ದೂರದಲ್ಲಿ ಅವನಿಗೆ ಬೆನ್ನು ಮಾಡಿ ಕೂತಳು.

“ಅಪ್ಪಾ, ಮೆತ್ತಗೆ ಬಾಚು.”